ತನಾಮಿ ಮರಳುಗಾಡಿನ ಊರಲ್ಲಿ

ಮಿಷನ್ನಿನ ಗಂಟೆ ಈಗ ಕೆಂಪುಮಣ್ಣಿನ ಫುಟ್‌ಬಾಲ್ ಬಯಲಲ್ಲಿದೆ,
ಗೋಲಾದರೆ ಹುಡುಗರು ಕಲ್ಲಲ್ಲಿ ಬಡಿಯುತ್ತಾರೆ.
ಹಿಂದೆ ಅದು ಹೊಡೆದರೆ ಸಾಲು ನಿಲ್ಲಬೇಕಿತ್ತು:
ಹಿಟ್ಟು, ಸಕ್ಕರೆ, ಚಹಾಪುಡಿ,
ವಾರ್ಲ್‌ಪಿರಿ ಆಡಿದವರಿಗೆ ಏನೂ ಇಲ್ಲ.

ಡಲ್ಸಿಯಜ್ಜಿ ಒಮ್ಮೆ ಆ ಕಾಲದ ಲೆಕ್ಕದ ಪುಸ್ತಕ
ತೆರೆಸಿ ಓದಿಸಿಕೊಂಡಳು:
‘ಹುಡುಗಿ, ಸುಮಾರು ಏಳು ವರ್ಷ. ಹಿಟ್ಟು ಮೂರು ಪೌಂಡು.’
‘ನಾನೇ ಅದು,’ ಅಂದಳು, ‘ಮೂರೆಲ್ಲಿ, ಎರಡೇ ಕೊಟ್ಟಿದ್ದ.’
ನಕ್ಕು ನಕ್ಕು ಕೆಮ್ಮಿದಳು.

ಈ ಚಳಿಗಾಲ ಹೋದಳು.
ಹೋದವರ ಹೆಸರು ಇಲ್ಲಿ ಬಾಯಲ್ಲಿ ಬರಬಾರದು,
ಎಷ್ಟೋ ಕಾಲ.
ಅಂಗಡಿಯ ಸಾಲದ ಹಲಗೆಗೂ ಬಣ್ಣ ಬಳಿದರು;
ಅದೇ ಹೆಸರಿನ ಮೊಮ್ಮಗಳು ಈಗ
ಕ್ಲಿನಿಕ್ಕಿನಲ್ಲೂ ಬರೀ ಕುಮಂಜಯಿ, ಹೆಸರು ಬಿಟ್ಟವಳು.

ನಾನು ಬರೆದುಬಿಟ್ಟೆ.
ಓದುವವರೇ, ಆರನೇ ಸಾಲಿನ ಮೊದಲ ಪದ ಬಂದಾಗ
ತುಟಿ ಮುಚ್ಚಿ ದಾಟಿ.