ಒಂಬತ್ತು ಫರಸಿ

ಸೇಡಂ ಬಸ್ಸಿನ ಮೊದಲ ಮೆಟ್ಟಿಲು
ನನ್ನ ಮೊಣಕಾಲಿಗಿಂತ ನಾಕು ಬೆರಳು ಕೆಳಗ.
ಅಂದಾಜಲ್ಲ, ಅಳದೀನಿ.
ಡ್ರೈವರ್ ಚಾ ಕುಡಿಲಾಕ ಇಳಿದಾಗ
ಸೆರಗಿನ ತುದಿ ನೆಲಕ್ಕ ಹಚ್ಚಿ
ಮೆಟ್ಟಿಲ ಮಟ ಬಂದಲ್ಲಿ ಗಂಟು ಹಾಕೀನಿ.
ನೋಡಿದವರು, ಮುದುಕಿ ಏನೋ ಹರಕಿ ಹೊತ್ತಾಳ ಅಂದ್ರು.
ಅನ್ಲಿ.

ಹೋದ ದಸರಾಕ್ಕ ಅದೇ ಮೆಟ್ಟಿಲಿನಾಗ
ಕಂಡಕ್ಟರ್ ರಟ್ಟಿ ಹಿಡಿದು ಜಗ್ಗಿದ,
ಹಿಂದಿಂದ ಯಾರೋ ಜ್ವಾಳದ ಚೀಲ ನೂಕಿದಂಗ ನೂಕಿದ್ರು.
ಮೈ ಬಸ್ ಏರಿತು,
ಮಾನ ಕಲಬುರಗಿ ಸ್ಟ್ಯಾಂಡಿನಾಗೇ ನಿಂತಿತ್ತು.

ಸುದ್ದಿ ಕೇಳಿ ಮಗ ರ್ಯಾವಪ್ಪ ಅಂದ:
ಯವ್ವಾ, ಇನ್ ಮ್ಯಾಲ ಆಟೋ ಮಾಡಿ ಕಳಸ್ತೀನಿ,
ಮಂಚ ಎತ್ತರ ಮಾಡಸ್ತೀನಿ,
ಸಂಡಾಸಕ್ಕ ಕುರ್ಚಿ ಕೂಡಸ್ತೀನಿ.
ಒಳ್ಳೆ ಹುಡುಗ. ಕಲ್ಲು ಪಾಲಿಶ್ ಮಾಡ್ತಾನ, ಮಾತೂ ನುಣ್ಣಗ.
ಎಲ್ಲಾ ನನ್ ಮಟಕ್ಕ ಎತ್ತಿದ್ರ
ನಾ ಏಳೂದು ಯಾವಾಗಲೋ ಅಂದೆ.
ಅದೆಲ್ಲ ಬಿಡು,
ಒಡಕು ಶಾಬಾದಿ ಫರಸಿ ಒಂಬತ್ತು ತಂದ್ ಹಾಕು,
ಎರಡು ಬೆರಳು ದಪ್ಪಂದು.

ದವಾಖಾನಿ ವ್ಯಾಯಾಮದ ಹುಡುಗಿ ತೋರಿಸಿದ್ದು ಇಷ್ಟೇ:
ಏರು, ಇಳಿ.
ಕೈ ಊರದೆ ಏಳು, ಕೂಡು.
ಉಸಿರು ಹಿಡಿಬ್ಯಾಡ.
ಎಪ್ಪತ್ತೊಂದು ವರ್ಷ ಇದೇ ಮಾಡೀನೆಲ್ಲ ಅಂದೆ.
ಮಾಡೂದು ಬಿಟ್ಟೀರಿ, ಅದಕ್ಕೇ, ಅಂದಳು.

ದೀಪಾವಳಿಗೆ ಒಂದು ಫರಸಿ.
ಹದಿನೈದು ದಿನಕ್ಕೊಂದು ಅದರ ಮ್ಯಾಲ.
ಎರಡರ ತನಕ ನಗು ಬರ್ತಿತ್ತು.
ನಾಕಕ್ಕ ಮೊಣಕಾಲು
ಒಣಗಿದ ತೊಗರಿಕಾಯಿ ಒಡದಂಗ ಚಟ್ ಚಟ್.
ಆರನೇದು ಇಟ್ಟ ದಿನ ಅಳು ಬಂತು,
ಐದಕ್ಕ ಇಳಿಸಿ ಮತ್ತ ಎಂಟು ದಿನ.
ಇದು ಯಾರಿಗೂ ಗೊತ್ತಿಲ್ಲ,
ಬಾಜೂ ಮನಿ ಹಲೀಮಾಬೀಗೆ ಬಿಟ್ರ.

ಅಕಿ ಹಾಲ್ ತರಲಾಕ ಹೋಗಾಕಿ ನಿಂತು ನೋಡಿದಳು,
ಮೂರನೇ ದಿನ ಚಪ್ಪಲಿ ಬಿಟ್ಟು ಒಳಗ ಬಂದಳು.
ಒಂದು ಕೈ ಗ್ವಾಡಿಗೆ, ಒಂದು ನನ್ನ ಹೆಗಲಿಗೆ.
ಹತ್ತರ ತನಕ ನಾ ಕನ್ನಡದಾಗ ಎಣಸ್ತೀನಿ,
ಅಕಿ ಗ್ಯಾರಾ, ಬಾರಾ ಅಂತ ಮುಂದ ಒಯ್ತಾಳ.
ಹದಿನೈದರ ಮ್ಯಾಲ ಇಬ್ರಿಗೂ ಭಾಷೆ ಇಲ್ಲ,
ಬರೇ ಉಸರು.

ಈ ನಡುವ ಒಂದಿನ, ಹೇಳದೆ ಕೇಳದೆ,
ಅವರ ಮನಿ ಮದವ್ಯಾಗ ಪಂಕ್ತಿಗೆ ನೆಲಕ್ಕ ಕೂತೆ, ಉಂಡೆ, ಎದ್ದೆ.
ಕೈ ತೊಳಿಯುವಾಗ ನೆನಪಾತು
ಏಳಲಾಕ ಯಾರ ಕೈಯೂ ಕೇಳಿಲ್ಲಂತ.

ಹೋಳಿ ಬಂತು. ಬೆಳಗಿನ ಐದಕ್ಕೂ ಫರಸಿ
ನಿನ್ನಿ ಬಿಸಲು ಹೊಟ್ಟ್ಯಾಗ ಇಟಗೊಂಡಿತ್ತು.
ಒಂಬತ್ತನೇದು ಸೆರಗಿನ ಗಂಟಿಗೆ ಸಮ.
ಬಲಗಾಲು ಇಟ್ಟೆ. ತೊಡಿ ನಡುಗಿತು.
ಅಂಗಳ ಒಂದ್ ಸಲ ಓಲಾಡಿತು.
ಎಡಗಾಲೂ ಬಂತು.
ಅಷ್ಟು ಎತ್ತರಕ್ಕ
ಕಂಪೌಂಡ್ ಆಚೆ ಬೇವಿನ ಗಿಡ ಹೂ ಬಿಟ್ಟದ್ದು ಕಂಡಿತು.

ಸೋಮವಾರ ಮಳಖೇಡಕ್ಕ, ತಂಗಿ ಮನಿಗೆ.
ಕಂಡಕ್ಟರ್ ಹುಡುಗ ಹೊಸಬ,
ಬರ್ರಿ ಯಮ್ಮಾ, ಅಂತ ಕೈ ಚಾಚಿದ.
ಕಂಬಿ ಹಿಡಿದೆ, ಸುಳ್ಳ್ಯಾಕ ಹೇಳ್ಲಿ,
ಬೆರಳ ತುದಿಯಿಂದ, ದೇವರ ಪಾದ ಮುಟ್ಟಿದಷ್ಟು.
ಏರಿ ನಿಂತು
ಚಾಚಿದ ಅವನ ಕೈಗೆ
ನಾನೇ ಆಧಾರ ಕೊಟ್ಟೆ.
ಕಾರ್ಡು.

ಮಳಖೇಡದಾಗ ಇಳಿಯೂದು ಬ್ಯಾರೆ ಕತಿ.
ಏರಲಾಕ ತೊಡಿ ಸಾಕು, ಇಳಿಲಾಕ ಎದಿ ಬೇಕು.
ಅಡ್ಡ ತಿರುಗಿ, ಬಾಯಾಗ ಎಣಸ್ಕೋತ,
ಒಂದೊಂದೇ ಕಾಲು.
ಡ್ರೈವರ್ ಎರಡು ಸಲ ಹಾರ್ನ್ ಹೊಡೆದ.
ಹೊಡಿಲಿ.
ತಂಗಿ ಮನಿ ಮುಟ್ಟಿ, ನೀರು ಕುಡಿದು,
ಹಲೀಮಾಬೀಗೆ ಫೋನ್ ಹಚ್ಚಿದೆ:
ಫರಸಿ ತಗೀಬ್ಯಾಡ,
ನಾ ಬಂದ್ ಮ್ಯಾಲ ಇಳಿಯೂದು ಕಲಿಯೂದದ.