ಚಕ್ಕುಬಂದಿ

ಮೋಜಣಿದಾರರ ಮಗಳು ನಾಜಿಮಾ ಮೇಡಂ
ಡಿಸ್ಕನ್ನೂ ಹೊಲದ ಹಾಗೇ ಅಳೆದವರು.
ಹತ್ತು ಸಾವಿರದ ಹದಿನೇಳು ಸಿಲಿಂಡರು,
ಇಲ್ಲಿ ದಿಕ್ಕು ನಾಲ್ಕಲ್ಲ, ಎರಡೇ: ಮೊದಲು, ಕೊನೆ.
ಸೊನ್ನೆಯದು ಖರಾಬು, ಯಾರ ಪಾಲಿಗೂ ಬರೆಯಬೇಡ,
ಡಿಸ್ಕಿನ ಹೆಸರು ಕೆತ್ತಿದ ಬಾಂದುಕಲ್ಲು ಅಲ್ಲಿದೆ.
ಒಂದರಿಂದ ಪೋಡಿ ಮಾಡು.

ಮೇಟಗಳ್ಳಿಯ ಈ ತಣ್ಣನೆ ಕೋಣೆಯಲ್ಲಿ ಮೇನ್‌ಫ್ರೇಮ್ ಒಂದೇ.
ಒಳಗೆ ಮೂವತ್ತೊಂದು ಲಿನಕ್ಸು,
ಪ್ರತಿಯೊಂದಕ್ಕೂ ತಾನೇ ಇಡೀ ಯಂತ್ರವೆಂಬ ನಂಬಿಕೆ.
ಕೈಪಿಡಿ ಅವನ್ನು ಅತಿಥಿಗಳು ಅನ್ನುತ್ತದೆ.
ಯಾವ ಅತಿಥಿ ಯುಗಾದಿಗೆ ಬಂದು
ದೀಪಾವಳಿಗೆ ಇನ್ನೂ ಮುನ್ನೂರು ಸಿಲಿಂಡರು ಕೇಳುತ್ತದೆ?
ಒಕ್ಕಲು ಅನ್ನಿ.

ಮೇಡಂ ನಿವೃತ್ತರಾದರು. ಚೌಕುಳಿ ಹಾಳೆಯ ನೋಟ್‌ಬುಕ್ಕು ನನಗೆ ಬಂತು,
ಪೆನ್ಸಿಲಲ್ಲಿ, ಅಪ್ಪನಂತೆ ಕನ್ನಡದ ಅಂಕಿಯಲ್ಲಿ.
ಹನ್ನೆರಡನೆಯದರ ಕೊನೆ ೪೦೦೬.
ಹದಿಮೂರನೆಯದರ ಮೊದಲೂ ೪೦೦೬.
ಒಂದೇ ಸಿಲಿಂಡರು, ಇಬ್ಬರು ವಾರಸುದಾರರು.

ಫೋನು ಮಾಡಿದೆ. ಆಚೆ ಕುಕ್ಕರಿನ ಸೀಟಿ, ಆಮೇಲೆ ಮೇಡಂ:
'ಅದು ಏಳು ಕಣಮ್ಮ. ನನ್ನ ಏಳಿನ ಬಾಲ ಹಾಗೇ.
ಟೈಪು ಮಾಡಿದ್ದು ಯಾರು?'

ಎರಡು ವರ್ಷದ ಹಿಂದೆ, ಟ್ರೈನಿ, ನಾನೇ.

ಹನ್ನೆರಡನೆಯದರ ಉಳುಮೆ ಇನ್ನೂ ಆ ಅಂಚು ಮುಟ್ಟಿರಲಿಲ್ಲ.
ಅದಕ್ಕೇ ಯಾರೂ ಅತ್ತಿರಲಿಲ್ಲ.
ಮುಟ್ಟಿದ್ದರೆ ನೇಗಿಲಿಗೆ ಮೊದಲು ಸಿಗುತ್ತಿದ್ದದ್ದು
ಪಕ್ಕದವರ ಬಾಂದುಕಲ್ಲು.

ಮೊದಲು ನಕಲು.
ಎಚ್ಚರವಿದ್ದದ್ದನ್ನು ಹೊರಗಿನಿಂದ ನಕಲು ತೆಗೆಯಬಾರದು,
ಬಾಯಲ್ಲಿ ತುತ್ತು ಇರುತ್ತದೆ, ಡಿಸ್ಕಿಗೆ ಇಳಿಯದ ಅರ್ಧ ಲೆಕ್ಕ.
ರಾತ್ರಿ ಒಂದೂ ಮುಕ್ಕಾಲು: ಎರಡನ್ನೂ ಮಲಗಿಸಿದೆ.
ಟೈರು ಕಾರ್ಖಾನೆಯ ರಬ್ಬರು ವಾಸನೆ ಬಾಗಿಲಸಂದಿಯಿಂದ.
ಟೇಪು ಓಡಿತು, ನಿಂತಿತು.
ನಿಂತದ್ದು ಸಾಕ್ಷಿಯಲ್ಲ.
ಅದನ್ನೇ ಖಾಲಿ ಡಿಸ್ಕಿನ ಮೇಲೆ ಇಳಿಸಿ ಎಬ್ಬಿಸಿದೆ.
ಲಾಗಿನ್ ಕೇಳಿತು.
ಮೊನ್ನೆಯ ಠೇವಣಿ ಪಟ್ಟಿ ಪೈಸೆ ಸಮೇತ ಇತ್ತು.
ಸದ್ಯ, ಹದಿಮೂರನೆಯದು ಅಲ್ಲೇ ಇರಲಿ,
ಹೊಸ ಹೊಲ, ಹೊಸ ಗಡಿ.

ಬೆಳಿಗ್ಗೆ ಶಂಕರೇಗೌಡ ಟೇಪಿನ ಪೆಟ್ಟಿಗೆ, ಟಿಫನ್ ಕ್ಯಾರಿಯರ್ ಎರಡನ್ನೂ
ಒಂದೇ ಕೈಯಲ್ಲಿ ಹಿಡಿದು ಪ್ಯಾಸೆಂಜರ್ ಗಾಡಿ ಹತ್ತಿದ.
ಮಂಡ್ಯ ಶಾಖೆಯ ಬೀರುವಿಗೆ.
'ಮೂಲಕ್ಕೂ ನಕಲಿಗೂ ನಡುವೆ ಒಂದು ಹೊಳೆಯಾದರೂ ಇರಬೇಕು'
ಅನ್ನುತ್ತಿದ್ದರು ಮೇಡಂ;
ಶ್ರೀರಂಗಪಟ್ಟಣದಲ್ಲಿ ಎರಡು ಕವಲು,
ಎರಡು ಸಲ ದಾಟುತ್ತದೆ ನನ್ನ ತಪ್ಪು.

ನೋಟ್‌ಬುಕ್ಕಿನಲ್ಲಿ ಆ ಅಂಕಿಯನ್ನು ಅಳಿಸಲಿಲ್ಲ.
ಅದರ ಪಕ್ಕ, ಇಂಕಿನಲ್ಲಿ,
ಅಕ್ಷರದಲ್ಲಿ ಬರೆದೆ:
ಏಳು.