ಭಿನ್ನ

ಆರನೇ ಕ್ಲಾಸಿನ ಹೋಂವರ್ಕು ಹಿಡಿದು
ಅಣ್ಣನ ಮಗಳು ಚಿನ್ಮಯಿ ಅಂಗಳಕ್ಕೆ ಬಂದಳು.
‘ಅತ್ತೆ, ನಿಜದ್ದು ಒಂದು ಕಡೆ, ಕಾಲ್ಪನಿಕ ಒಂದು ಕಡೆ,
ಎರಡು ಪಟ್ಟಿ ಮಾಡಬೇಕಂತೆ.
ಯಾಳಿ ಯಾವ ಕಡೆ?’

ಯಾಳಿ ಎದುರಿಗೇ ನಿಂತಿತ್ತು.
ಸಿಂಹದ ಮೈ, ಆನೆಯ ಸೊಂಡಿಲು,
ಬಾಯೊಳಗೆ ಉರುಳುವ ಕಲ್ಲುಗುಂಡು,
ಬೆನ್ನ ಮೇಲೆ ಒಣಗಲು ಹಾಕಿದ ನನ್ನ ಟವೆಲ್ಲು.
ಮೂರು ವಾರ ಅದರ ಪಾದ ಉಜ್ಜಿದ ಬೆರಳು
ಇನ್ನೂ ಉರಿಯುತ್ತಿತ್ತು.
‘ಕಾಲ್ಪನಿಕ’ ಅಂದೆ.
ಬರೆದಳು.

‘ಗಂಡಭೇರುಂಡ?’
‘ಅದೂ.’
‘ಮತ್ತೆ ಮಾಲೂರು ಬಸ್ಸಿನ ಮೇಲೆ ಯಾಕಿದೆ?’
‘ಅದು ಸರ್ಕಾರದ್ದು, ನಮಗ್ಯಾಕೆ, ಬರಿ.’
ಪೆನ್ಸಿಲ್ ಕಚ್ಚಿದಳು.
ಕತ್ತು ಹೊರಳಿಸಿ ಹುಣಸೆಮರದ ಬುಡ ನೋಡಿದಳು.
‘ಚೌಡಮ್ಮ?’

ಶಿವಾರಪಟ್ಟಣದಲ್ಲಿ ಕೇಳುವ ಪ್ರಶ್ನೆಯೇ ಇದು!
ಇಲ್ಲಿ ಬೀದಿಗುಂಟ ದೇವರು ಅರ್ಧಂಬರ್ಧ:
ಒಬ್ಬನಿಗೆ ಮೂಗು ಬಂದಿಲ್ಲ, ಒಬ್ಬಳಿಗೆ ಅಂಗೈ ಬಾಕಿ,
ಅಡ್ವಾನ್ಸು ನಿಂತು ನಾಲ್ಕು ವರ್ಷದಿಂದ
ಸೊಂಟದವರೆಗೆ ಮಾತ್ರ ಬಂಡೆಯಿಂದ ಎದ್ದ ಹನುಮಂತ
ಓಡಲೂ ಆಗದೆ ಕೂರಲೂ ಆಗದೆ.

ಯಾಳಿ, ಚೌಡಮ್ಮ ಒಂದೇ ಬಂಡೆ.
ಸೀಳಿದ್ದನ್ನು ನಾನೇ ಕಂಡಿದ್ದೇನೆ.
ಒಂದು ಹೋಳು ಬಾಗೇಪಲ್ಲಿ ಕಡೆಯ ಊರಿಗೆ ಅಮ್ಮನಾಗಲು,
ಇನ್ನೊಂದು ಯಾರದೋ ಕಲ್ಯಾಣಮಂಟಪದ ಬಾಗಿಲಿಗೆ.
ಅಪ್ಪನದು ಅದೇ ಉಳಿ, ಅದೇ ಬೀಡಿ, ಅದೇ ಬೈಗುಳ.
ಅಮ್ಮನ ಎಡಗಿವಿಯಿಂದ ಕತ್ತಿನ ತನಕ
ಕೂದಲೆಳೆಯಂಥ ಒಂದು ಬಿರುಕು ಮಾತ್ರ
ನಮಗಾರಿಗೂ ಕಾಣಲಿಲ್ಲ.
ಟ್ರ್ಯಾಕ್ಟರ್ ತಂದ ಊರಿನವರು ಬೆರಳ ಗೆಣ್ಣಲ್ಲಿ ತಟ್ಟಿದರು.
ಸದ್ದು ಒಡೆಯಿತು.
‘ಭಿನ್ನ’ ಅಂದರು,
ಖಾಲಿ ಟ್ರ್ಯಾಕ್ಟರಿನಲ್ಲಿ ಹೊರಟುಹೋದರು.
ಚಿನ್ನದ ಸೂಜಿ ಅವಳ ಕಣ್ಣು ಮುಟ್ಟಲಿಲ್ಲ.
ಅಂದಿನಿಂದ ತೊಡೆಯ ಮೇಲೆ ಕೋಳಿ ಮಲಗುತ್ತದೆ.

ಯಾಳಿಗೆ ಯಾರೂ ಹರಕೆ ಹೊತ್ತಿಲ್ಲ, ನಿಜ.
ಗಂಡ ಕುಡಿತ ಬಿಡಲೆಂದು ಅದರ ಕಾಲು ಹಿಡಿದಿಲ್ಲ.
ಮಾತಿಗೆ ಹೇಳುತ್ತೇನೆ,
ಅದರ ಹೆಸರೆತ್ತಿ ಯಾರ ಮನೆಗೂ ಯಾರೂ ಕಲ್ಲು ತೂರಿಲ್ಲ.
ಪಾಪದ ಪ್ರಾಣಿ,
ಜನ ಅದನ್ನು ನಂಬಿದ್ದೇ ಅಷ್ಟು.

ಹೋದ ಆಷಾಢದಲ್ಲಿ ಅಪ್ಪನ ಎದೆಯ ಫೋಟೋ ತೆಗೆದರು.
ಕೋಲಾರದ ಡಾಕ್ಟರು ಬೆಳಕಿಗೆ ಹಿಡಿದು ತೋರಿಸಿದರು:
ನಲವತ್ತು ವರ್ಷದ ಧೂಳು.
ದೇವರ ಪುಡಿ ಯಾವುದು, ಯಾಳಿಯ ಪುಡಿ ಯಾವುದು,
ಅದರಲ್ಲಿ ಗುರುತಿರಲಿಲ್ಲ.
ಆ ರಾತ್ರಿ ವಾರ್ಡಿನ ಹೊರಗೆ, ಮೆಟ್ಟಿಲ ಮೇಲೆ,
ನನ್ನ ಬಾಯಿಗೆ ಬಂದದ್ದು
ಗುಡಿ ಸೇರಿ ಪೂಜೆ ಉಣ್ಣುವ ಯಾವ ದೇವರೂ ಅಲ್ಲ.
ನಾನೇ ಕಂಕುಳು ತಿಕ್ಕಿ, ಬಕೆಟ್ ನೀರು ಸುರಿದು ತೊಳೆದ
ಆ ಒಡಕು ಕಲ್ಲು.
‘ಚೌಡವ್ವಾ’ ಅಂದೆ, ಮೂಗು ಸೀನಿಕೊಂಡೆ.
ಅಪ್ಪ ಬದುಕಿಕೊಂಡ.
ಅವಳಿಂದ ಅಂತ ನಾನು ಯಾರಿಗೂ ಹೇಳಿಲ್ಲ,
ಅಲ್ಲ ಅಂತಲೂ ಹೇಳಿಲ್ಲ.
ಕೋಳಿಯನ್ನು ಮಾತ್ರ ಓಡಿಸಿದೆ ಒಂದೆರಡು ದಿನ.

‘ಅತ್ತೆ, ಯಾವ ಕಡೆ?’
‘ನಿನಗೆ ಎಲ್ಲಿ ಅನಿಸುತ್ತೋ ಅಲ್ಲಿ.’
ಹುಡುಗಿ ಬಹಳ ಹೊತ್ತು ಕೂತಿದ್ದು
ಎರಡು ಪಟ್ಟಿಯ ನಡುವಿನ ಗೆರೆಯ ಮೇಲೇ ಬರೆದಳು,
‘ಚೌಡ’ ಈಚೆ, ‘ಮ್ಮ’ ಆಚೆ.
ಮೇಷ್ಟ್ರು ಏನು ಮಾರ್ಕು ಹಾಕುತ್ತಾರೋ ಗೊತ್ತಿಲ್ಲ.

ಅಷ್ಟರಲ್ಲಿ ಅಪ್ಪ ಕೆಮ್ಮುತ್ತ ಹೊರಬಂದ.
ನಾಳೆ ಲಾರಿ ಬರುತ್ತೆ, ಕಣ್ಣೊಂದು ಬಾಕಿ.
ಮುಹೂರ್ತವಿಲ್ಲ, ಮಂತ್ರವಿಲ್ಲ,
ದವಡೆಯಲ್ಲಿ ಎಲೆ ಅಡಿಕೆ,
ಸಾದಾ ಉಳಿಯಲ್ಲಿ ಎರಡು ಪೆಟ್ಟು,
ಯಾಳಿಗೆ ಪಾಪೆ ಮೂಡಿತು.

ಚಿನ್ಮಯಿ ಒಳಗೋಡಿ
ಅವರಮ್ಮನ ಪೌಡರ್ ಡಬ್ಬಿ ತಂದಳು,
ಮುಚ್ಚಳದ ಕನ್ನಡಿ ಎತ್ತಿ ಹಿಡಿದಳು ಅದರ ಮೂತಿಗೆ.
‘ದೇವರಿಗೆ ತೋರಿಸ್ತೀಯಲ್ಲ ತಾತ,
ಇದೂ ನೋಡ್ಕೊಳ್ಳಲಿ.’

ಅಪ್ಪ ಬೈಯಲು ಬಾಯಿ ತೆರೆದವನು
ಯಾಕೋ ಸುಮ್ಮನೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತ,
ಮೊದಲ ನೋಟಕ್ಕೆ ಅಡ್ಡ ಬರಬಾರದೆಂಬಂತೆ.